ಗೋಡೆಯಾಚೆಯ ಹಾಡು

ನೆಬ್ರಾಸ್ಕಾದ ಆ ಸಣ್ಣ ಕಾಲೇಜಿನ ಗಂಡಸರ ಫುಟ್‌ಬಾಲ್ ತಂಡದಲ್ಲಿ ಜನೆಲ್ ಕೂಬಿಕ್ ಒಬ್ಬಳೇ ಹುಡುಗಿ. ಮೊಟ್ಟೆಯಾಕಾರದ ಚೆಂಡನ್ನು ಎರಡು ಕಂಬಗಳ ನಡುವೆ ಹಾಯುವಂತೆ ಒದೆಯುವುದಷ್ಟೇ ಅವಳ ಕೆಲಸ. ಜೊತೆಯಾಟಗಾರ ಟ್ರಾವಿಸ್ ಮಂಡಿಯೂರಿ ಚೆಂಡನ್ನು ನೆಲದ ಮೇಲೆ ನಿಲ್ಲಿಸಿ ಹಿಡಿದುಕೊಡುತ್ತಿದ್ದ. "ಲೇ ಕೂಬಿಕ್, ನನ್ ಬೆರಳು ಬಿಟ್ಟು ಒದಿ ಕಣೇ" ಎಂದು ಪ್ರತಿಸಲವೂ ರೇಗಿಸುತ್ತಿದ್ದ.

ಗೆದ್ದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ತಂಡದ ಹಾಡು ಹೇಳುವುದು ವಾಡಿಕೆ. ಅದನ್ನು ಬೇರೆಲ್ಲೂ ಹಾಡುವಂತಿರಲಿಲ್ಲ. ಕೋಚ್ ಸಭ್ಯ ಮನುಷ್ಯ. ಅದಕ್ಕೇ ಜನೆಲ್‌ಗೆ ಪಕ್ಕದ ರೆಫರಿಗಳ ಕೋಣೆ ಕೊಡಿಸಿದ್ದ. ಅವಳೇ ಒದ್ದು ಗೆಲ್ಲಿಸಿದ ದಿನವೂ ಒಬ್ಬಳೇ ಬೂಟು ಬಿಚ್ಚುತ್ತ ಗೋಡೆಗೆ ಕಿವಿಗೊಟ್ಟು ಕೂತಿದ್ದಳು. ಹಾಡಿನ ಮಾತು ತಿಳಿಯುತ್ತಿರಲಿಲ್ಲ. ನಡುನಡುವೆ ಹುಡುಗರು ಕಬ್ಬಿಣದ ಬೀರುಗಳನ್ನು ಗುದ್ದುವ ಸದ್ದು ಮಾತ್ರ ದಾಟಿ ಬರುತ್ತಿತ್ತು. ಹೇಳಿಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬಾಯಿಬಿಟ್ಟು ಕೇಳಲು ಇವಳಿಗೆ ಬಿಗುಮಾನ.

ಈಗ ಅವಳು ಊರಿನ ಧಾನ್ಯದ ಗೋದಾಮಿನಲ್ಲಿ ಮೆಕ್ಕೆಜೋಳದ ಲಾರಿಗಳನ್ನು ತೂಗುತ್ತಾಳೆ, ಕೂದಲು ನರೆತಿದೆ. ಕಳೆದ ಅಕ್ಟೋಬರಿನಲ್ಲಿ ಹುಡುಗರ ಆ ಹಳೆಯ ಕೋಣೆಯನ್ನು ಕೆಡವುವ ಮುನ್ನ ಒಮ್ಮೆ ಹಾಡೋಣವೆಂದು ಹಳಬರೆಲ್ಲ ಸೇರಿದರು. ಹೊಟ್ಟೆ ಬಂದಿದ್ದ ಟ್ರಾವಿಸ್ ಅವಳ ತೋಳು ಹಿಡಿದು ಒಳಗೆ ಎಳೆದುಕೊಂಡ.

"ಬಾರೇ, ಇನ್ನೇನು ನಾಚಿಕೆ. ನಮ್ ಜೊತೆ ಎಷ್ಟು ಸಲ ಹಾಡಿಲ್ಲ ನೀನು."

ಅವಳು ಬೀರುಗಳ ಸಾಲಿನ ಪಕ್ಕ ಹೋಗಿ ನಿಂತಳು. ಹಾಡು ಎದ್ದಿತು. ಸ್ವಲ್ಪ ಹೊತ್ತಿಗೆ ಟ್ರಾವಿಸ್ ಹಾಡುವುದನ್ನು ನಿಲ್ಲಿಸಿ, ಅಲುಗದ ಅವಳ ತುಟಿಗಳನ್ನೇ ನೋಡತೊಡಗಿದ. ಅಷ್ಟರಲ್ಲಿ ಗುದ್ದುವ ಜಾಗ ಬಂತು. ಎಲ್ಲರಿಗಿಂತ ಮೊದಲು ಬೀರುವಿನ ಮೇಲೆ ಬಿದ್ದದ್ದು ಅವಳ ಮುಷ್ಟಿ.