ಆಯಮ್ಮನ ಚೀಲದಲ್ಲಿ ಸಿಗದ ಅಫೀಮು

ಈವತ್ತು ಮಧ್ಯಾಹ್ನ ಹೆರಿಗೆ ವಾರ್ಡಿಗೆ ಯಾರೋ ಮಗಳ ಸೊಂಟಕ್ಕೆ ತಿಕ್ಕಲು ಹರಳೆಣ್ಣೆ, ನಮ್ಮ ಕಡೆಯ ಔಡಲೆಣ್ಣೆ, ತಂದಿದ್ದರು. ಮುಚ್ಚಳ ತೆಗೆದದ್ದೇ ತಡ, ಆ ಜಿಡ್ಡು ವಾಸನೆಗೆ ನಮ್ಮ ಹಳೆಯ ಆಯಮ್ಮ ನೆನಪಾದಳು. ಎರಡು ಪಾಳಿ ಒಟ್ಟಿಗೆ ಮಾಡಿ ನನ್ನ ಕಾಲುಗಳು ಸೋತುಹೋಗಿದ್ದವು. ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ನಾನಾಗ ಹೊಸಪೇಟೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಹೊಸದಾಗಿ ಸೇರಿದ್ದ ನರ್ಸು. ಓದಿ ಬಂದವಳೆಂಬ ಕೊಬ್ಬು ಬೇರೆ. ಆಯಮ್ಮ ಚಿತ್ತವಾಡ್ಗಿಯಿಂದ ಬರುತ್ತಿದ್ದಳು. ನೆಲ ಒರೆಸುವುದು, ಬಟ್ಟೆ ಬದಲಿಸುವುದು ಅವಳ ಕೆಲಸ. ಆದರೆ ಬೇನೆ ತಿನ್ನುವ ಹೆಂಗಸರು ಕೂಗಿ ಕರೆಯುತ್ತಿದ್ದುದು ಅವಳನ್ನೇ. ಕಿಟಕಿಗೆ ಹಳೇ ಸೀರೆ ಇಳಿಬಿಟ್ಟು, ಎಣ್ಣೆಗೈಯಲ್ಲಿ ಬೆನ್ನು ನೀವುತ್ತ ಕೂರುತ್ತಿದ್ದಳು. ಸಂಡೂರು, ಕಂಪ್ಲಿ ಕಡೆಯಿಂದ ಚೀರುತ್ತ ಬಂದವರು ಕೂಡ ನೋವು ನೋವಿನ ನಡುವೆ ಅರೆಗಣ್ಣಾಗಿ ತೂಕಡಿಸುತ್ತಿದ್ದರು...

ನನಗೆ ಅನುಮಾನ ಬಂತು. "ಏನ್ ತಿನ್ನಸಾಕತ್ತಿ ಆಯಮ್ಮ, ಅಫೀಮೇನು?" ಎಂದೆ.

"ನಾನ್ಯಾಕ ತಿನ್ನಸ್ಲಿ ಸಿಸ್ಟರ? ಹೆದರಿಕಿ ಬಿಟ್ರ ಮೈಯಾಗಿಂದ ಮಂಪರು ಬರತೈತ್ರಿ. ಎಬ್ಬಿಸಬ್ಯಾಡ್ರಿ."

ನಂಬಲಿಲ್ಲ. ಡಾಕ್ಟರಮ್ಮನಿಗೆ ಚಾಡಿ ಹೇಳಿದೆ. ಎಲ್ಲರೆದುರು ಅವಳ ಚೀಲ ಸುರಿಸಿದರು. ಔಡಲೆಣ್ಣೆ ಬಾಟಲಿ, ಎಲೆಅಡಿಕೆ, ರೊಟ್ಟಿಗಂಟು. ಏನೂ ಸಿಗದಿದ್ದರೂ ನಾಳೆಯಿಂದ ಬರಬೇಡ ಎಂದರು. ಅವಳು ರೊಟ್ಟಿ ಆಯ್ದುಕೊಂಡು ಹೋದಳು.

ಎಷ್ಟೋ ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ ಕೇಳಿದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಮೈಯೇ ಎಂಡಾರ್ಫಿನ್ ಎಂಬ, ಅಫೀಮಿನಂತೆ ನೋವು ತಗ್ಗಿಸುವ ವಸ್ತುವನ್ನು ತಯಾರಿಸುತ್ತದಂತೆ. ಮಗುವಿನ ಹಿಂದೆಯೇ ಬೀಳುವ, ನಾವು ಬಕೆಟ್ಟಿಗೆ ಹಾಕುವ ಮಾಸು ಕೂಡ ಅದನ್ನು ಮಾಡುತ್ತದಂತೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನವೇ ಚಿತ್ತವಾಡ್ಗಿಗೆ ಹೋದೆ. ಆಯಮ್ಮ ಹಣ್ಣಾಗಿ ಹಾಸಿಗೆ ಹಿಡಿದಿದ್ದಳು.

"ತಪ್ಪಾತ್ರಿ ಆಯಮ್ಮ. ನೀವ್ ಹೇಳಿದ್ದ ಖರೆ ಇತ್ತು."

ಬೈಯುತ್ತಾಳೆಂದುಕೊಂಡಿದ್ದೆ. ಅವಳ ಮುಖ ಅರಳಿತು. "ಹಂಗಾರ ನಾಳಿಂದ ಬರ್ಲೇನ್ರಿ ಸಿಸ್ಟರ?"

ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಆಮೇಲೆ ಅವಳು ತೀರಿಹೋದ ಸುದ್ದಿಯೂ ತಡವಾಗಿಯೇ ತಿಳಿಯಿತು...

"ಮೇಡಂ, ಪೇಶಂಟ್ ತೂಕಡಿಸಾಕತ್ತಾಳ್ರಿ, ಎಬ್ಬಿಸ್ಲೇನ್ರಿ?" ಸ್ಟೂಲಿನ ಪಕ್ಕ ಬಂದು ನಿಂತ ಹೊಸ ನರ್ಸು ಕೇಳಿದಳು. ಎದ್ದು ಹೋಗಿ ನಾಡಿ ನೋಡಿದೆ, ಮಗುವಿನ ಎದೆಬಡಿತ ಕೇಳಿದೆ. ಎರಡೂ ಸರಿಯಿದ್ದವು.

"ಬ್ಯಾಡ," ಎಂದೆ. ತೂಕಡಿಸುತ್ತಿದ್ದ ಹುಡುಗಿಯ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ಇಳಿಬಿಡಲು ಸೀರೆ ಇರಲಿಲ್ಲ, ಅದನ್ನು ತರುತ್ತಿದ್ದವಳನ್ನು ನಾನೇ ಎಂದೋ ಕೆಲಸ ಬಿಡಿಸಿ ಕಳಿಸಿದ್ದೆ. ನೋಯುವ ಕಾಲಲ್ಲೇ ಕಿಟಕಿಗೆ ಅಡ್ಡ ನಿಂತೆ.