ಸಜ್ಜೆಯ ಬೆನ್ನು ಹತ್ತಿ ಸೋನ್ಯಾಳಕ್ಕೆ

ಸಂಕ್ರಾಂತಿಗೆ ಇನ್ನು ಕೆಲವೇ ದಿನಗಳಿದ್ದವು. ವಿಜಯಪುರದ ಬಸ್ ನಿಲ್ದಾಣದಲ್ಲಿ ಬೆಳಗಿನ ಚಳಿಗೆ ಜನರೆಲ್ಲ ಟವೆಲ್ಲು, ಸೆರಗುಗಳನ್ನು ಕಿವಿಗೆ ಸುತ್ತಿಕೊಂಡು ನಿಂತಿದ್ದರು. ಜತ್ತಕ್ಕೆ ಹೋಗುವ ಮಹಾರಾಷ್ಟ್ರದ ಬಸ್ಸು ಬಂದ ಕೂಡಲೇ ಶಿವಾನಂದರು ಕಿಟಕಿಯೊಳಗೆ ಚೀಲ ತೂರಿಸಿ ಇಬ್ಬರಿಗೂ ಜಾಗ ಹಿಡಿದರು. ಕಂಡಕ್ಟರ್ ನನಗೆ ಗಡಿಯವರೆಗೆ ಪೂರಾ ದರ, ಗಡಿ ದಾಟಿದ ಮೇಲೆ ಅರ್ಧ ದರ ಹಿಡಿದು ಟಿಕೀಟು ಕೊಟ್ಟ. ಹೆಂಗಸರಿಗಿರುವ ರಿಯಾಯಿತಿ ಅವರ ರಾಜ್ಯದ ನೆಲದ ಮೇಲೆ ಮಾತ್ರವಂತೆ.

ನಾನು ಔಷಧ ವಿಶ್ಲೇಷಣೆ ಕಲಿಸುವವಳು. ಮಾತ್ರೆಯ ಮೇಲೆ ಬರೆದಷ್ಟು ಔಷಧ ಒಳಗೆ ನಿಜಕ್ಕೂ ಇದೆಯೇ ಎಂದು ಅಳೆದು ನೋಡುವುದು ನನ್ನ ವಿದ್ಯೆ. ಶಿವಾನಂದರು ಬೆಳೆ ವಿಜ್ಞಾನಿ. ಸಾದಾ ಸಜ್ಜೆಗಿಂತ ಹೆಚ್ಚು ಕಬ್ಬಿಣದ ಅಂಶವಿರುವ ತಳಿಯೊಂದರ ಹಿಂದೆ ಅವರ ನೌಕರಿಯ ಬಹುಪಾಲು ಕಳೆದಿದೆ. ರಕ್ತ ಕಡಿಮೆ ಇರುವ ಹೆಂಗಸರು ಆ ಸಜ್ಜೆಯ ರೊಟ್ಟಿ ಉಂಡರೆ ರಕ್ತ ಏರುತ್ತದೆಯೇ ಎಂದು ನೋಡಲು ನಮ್ಮೂರಿನ ಡಾಕ್ಟರಮ್ಮ ಒಬ್ಬರು ಅಧ್ಯಯನ ಹೂಡಿದ್ದರು. ಅದಕ್ಕೆ ನಾವಿಬ್ಬರೂ ಕೈಜೋಡಿಸಿದ್ದೆವು. ಜತ್ತ ತಾಲೂಕಿನ ಕೆಲವು ಹಳ್ಳಿಗಳ ಹೆಂಗಸರಲ್ಲಿ ಅರ್ಧ ಜನರಿಗೆ ಶಿವಾನಂದರ ಸಜ್ಜೆ, ಉಳಿದರ್ಧಕ್ಕೆ ಸಾದಾ ಸಜ್ಜೆ. ಯಾರ ಚೀಲದಲ್ಲಿ ಯಾವುದಿದೆ ಎಂದು ಉಣ್ಣುವವರಿಗೂ ಗೊತ್ತಿರಲಿಲ್ಲ, ರಕ್ತ ಪರೀಕ್ಷೆ ಮಾಡುವವರಿಗೂ ಗೊತ್ತಿರಲಿಲ್ಲ. ಹಿಟ್ಟಿನಲ್ಲಿರುವ ಕಬ್ಬಿಣವನ್ನು ಅಳೆಯುವ ಕೆಲಸ ನನ್ನದಾಗಿತ್ತು.

ಹಿಂದಿನ ವಾರ ಆ ಗುಟ್ಟನ್ನು ಬಿಚ್ಚಿ ನೋಡಿದಾಗ ಮೂವರೂ ಲೆಕ್ಕವನ್ನು ಮತ್ತೆ ಮೊದಲಿಂದ ತಾಳೆ ಹಾಕಿದೆವು. ಎರಡೂ ಗುಂಪಿನವರ ರಕ್ತ ಏರಿತ್ತು, ಹೆಚ್ಚುಕಡಿಮೆ ಒಂದೇ ಸಮನಾಗಿ. ಎಲ್ಲರಿಗಿಂತ ಚೆನ್ನಾಗಿ ಚೇತರಿಸಿಕೊಂಡವಳು ಸೋನ್ಯಾಳದ ಸವಿತಾ ಎಂಬ ಸೊಸೆ. ಅವಳು ಉಂಡದ್ದು ಸಾದಾ ಸಜ್ಜೆ. ಚೀಲಗಳು ಅದಲುಬದಲಾದವೋ, ಗಿರಣಿಯಲ್ಲಿ ಹಿಟ್ಟು ಕಲೆತಿತೋ, ನನ್ನ ಅಳತೆಯೇ ತಪ್ಪಿತೋ, ಊರಿಗೆ ಹೋಗಿ ನೋಡದೆ ಹೇಳುವಂತಿರಲಿಲ್ಲ. ಡಾಕ್ಟರಮ್ಮನಿಗೆ ವಾರ್ಡು ಬಿಟ್ಟು ಬರಲಾಗಲಿಲ್ಲ. ಹಾಗಾಗಿ ನಾವಿಬ್ಬರೇ ಹೊರಟಿದ್ದೆವು.

ತಿಕೋಟಾ ದಾಟಿದ ಮೇಲೆ ದ್ರಾಕ್ಷಿಯ ತೋಟಗಳು ಶುರುವಾದವು. ಗಡಿ ಯಾವಾಗ ಬಂತೋ ತಿಳಿಯಲಿಲ್ಲ. ಅಂಗಡಿಗಳ ಫಲಕಗಳು ಮರಾಠಿಗೆ ತಿರುಗಿದ್ದನ್ನು ಕಂಡು ದಾಟಿದೆವೆಂದು ತಿಳಿದುಕೊಂಡೆ. ಫಲಕದ ಕೆಳಗೆ ನಿಂತವರ ಮಾತು ಮಾತ್ರ ಅದೇ ಕನ್ನಡ. ಜತ್ತದಲ್ಲಿ ಇಳಿದು ಬಿಸಿ ಭಜಿ ತಿಂದು ಚಹಾ ಕುಡಿದೆವು. ಶಿವಾನಂದರು ಸಾಮಾನ್ಯವಾಗಿ ಮಾತಿನವರು. ಬಿತ್ತನೆ ಬೀಜ, ಮಳೆ, ಹಕ್ಕಿಗಳ ಕಾಟ ಎಂದು ಏನಾದರೊಂದು ಹೇಳುತ್ತಲೇ ಇರುತ್ತಾರೆ. ಅಂದು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. ಕೊನೆಗೆ, ಅಳತೆಯಲ್ಲಿ ನನ್ನದೇ ತಪ್ಪು ಕಂಡುಬಂದರೆ ತಮಗೆ ಖುಷಿಯಾಗುತ್ತದೆ, ಅದಕ್ಕೆ ನಾನು ಬೇಸರ ಮಾಡಿಕೊಳ್ಳಬಾರದು ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಅಲ್ಲಿಂದ ಮುಂದಿನ ಬಸ್ಸಿನಲ್ಲಿ ಗುಡ್ಡಾಪುರದ ದಾನಮ್ಮ ದೇವಿಯ ಗುಡಿಗೆ ಹೋಗುವ ಭಕ್ತರೇ ಹೆಚ್ಚಿದ್ದರು. ನನ್ನ ಪಕ್ಕ ಕುಳಿತ ಮುದುಕಿಯ ಮಡಿಲಲ್ಲಿ ಕಾಯಿ, ಕುಪ್ಪಸದ ಕಣ ಇದ್ದವು. ಮೊಮ್ಮಗಳಿಗೆ ಹೆರಿಗೆ ಸುಸೂತ್ರವಾಯಿತೆಂದು ದಾನಮ್ಮನಿಗೆ ಉಡಿ ತುಂಬಲು ಹೊರಟಿದ್ದಳು. ನಾವು ಸೋನ್ಯಾಳಕ್ಕೆ ರೊಟ್ಟಿಯ ವಿಚಾರಕ್ಕೆ ಹೊರಟಿದ್ದೇವೆಂದು ಕೇಳಿ, ರೊಟ್ಟಿಯಲ್ಲಿ ವಿಚಾರ ಮಾಡುವುದು ಏನಿದೆ ಎಂದಳು. ಕಿಟಕಿಯಾಚೆ ಕಲ್ಲುನೆಲ, ಬೋಳುಗುಡ್ಡ, ನಡುನಡುವೆ ಹಾಲುಗಾಳು ಕಟ್ಟಿದ ಜೋಳ, ಬಿಸಿಲು ತಾಗದಂತೆ ಬಿಳಿ ಬಟ್ಟೆ ಹೊದಿಸಿದ ದಾಳಿಂಬೆಯ ತೋಟ. ಒಂದು ಕಡೆ ಕುರಿಹಿಂಡು ರಸ್ತೆ ದಾಟುವವರೆಗೆ ಬಸ್ಸು ನಿಂತುಕೊಂಡಿತು. ಡ್ರೈವರ್ ಹಾರ್ನ್ ಸಹ ಹಾಕಲಿಲ್ಲ.

ಸೋನ್ಯಾಳದಲ್ಲಿ ಆಶಾ ಕಾರ್ಯಕರ್ತೆ ಸುರೇಖಾ ಕಾಯುತ್ತಿದ್ದಳು. ಮನೆಮನೆಗೆ ಚೀಲ ಮುಟ್ಟಿಸಿ, ಉಂಡದ್ದನ್ನು ವಿಚಾರಿಸಿಕೊಂಡು ಬಂದವಳು ಅವಳೇ. ಮೊದಲು ಗಿರಣಿಗೆ ಹೋದೆವು. ಗಿರಣಿಯ ಮಾಲೀಕನನ್ನು ಕೇಳಿ ಕಲ್ಲಿನ ಸುತ್ತ ಉಳಿದ ಹಿಟ್ಟನ್ನು ಕಾಗದದ ಮೇಲೆ ಬಳಿದುಕೊಂಡೆ. ಅದರಲ್ಲಿ ಆಯಸ್ಕಾಂತ ಆಡಿಸಿದೆ. ಗಿರಣಿಯ ಕಬ್ಬಿಣ ಸವೆದು ಹಿಟ್ಟಿಗೆ ಪುಡಿ ಬೀಳುತ್ತಿದ್ದರೆ ಅದಕ್ಕೆ ಮೆತ್ತಬೇಕು. ಒಂದೆರಡು ಕರಿ ಚುಕ್ಕೆ ಬಿಟ್ಟರೆ ಏನೂ ಮೆತ್ತಲಿಲ್ಲ. ಚೀಲಗಳೂ ಬದಲಾಗಿರಲಿಲ್ಲ, ಸುರೇಖಾ ಒಂದೊಂದನ್ನೂ ತಾನೇ ಹೊತ್ತು ಕೊಟ್ಟಿದ್ದಳು. ಶಿವಾನಂದರು ಕಾಗದ ಮಡಚಿ ನನ್ನ ಕೈಗೆ ಕೊಟ್ಟು, ಹಾಗಾದರೆ ಆ ಮನೆಗೇ ಹೋಗೋಣ ಎಂದರು.

ಅದು ಊರ ಅಂಚಿನ ಕುರಿಗಾರರ ಮನೆ. ಸವಿತಾಳ ಗಂಡ, ಮಾವ ಇಬ್ಬರೂ ಹಿಂಡು ಹೊಡೆದುಕೊಂಡು ಮೇವಿದ್ದ ಕಡೆ ಹೋಗಿದ್ದರು. ಗಂಡ ಮರುದಿನ ಬರುವವನಿದ್ದ. ಅತ್ತೆ ಗಂಗವ್ವ ಅಂಗಳದಲ್ಲಿ ಕಂಬಳಿ ಹಾಸಿ, "ಬರ್ರಿ, ಕುಂದ್ರಿ" ಎಂದು ನೀರು ತಂದಿಟ್ಟಳು. ಸವಿತಾ ಒಳಗೆ ಒಲೆಯ ಮುಂದಿದ್ದಳು, ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಹಿಂದಿನ ಹೆರಿಗೆಯಲ್ಲಿ ಅವಳು ಬಿಳಿಚಿಕೊಂಡು ಬಿದ್ದು, ಮಿರಜಿನ ಆಸ್ಪತ್ರೆಗೆ ಒಯ್ದು ರಕ್ತ ಏರಿಸಿ ಉಳಿಸಿಕೊಂಡಿದ್ದರೆಂದು ಸುರೇಖಾ ದಾರಿಯಲ್ಲೇ ಹೇಳಿದ್ದಳು. ಈಗ, ಅಧ್ಯಯನ ಮುಗಿದ ಮೇಲೆ, ಮತ್ತೆ ಬಸುರಿಯಾಗಿದ್ದಳು.

ಶಿವಾನಂದರು ಒಂದೊಂದಾಗಿ ಕೇಳುತ್ತ ಹೋದರು. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಹೊಸದೇ, ಹಳೆಯದೇ? ಹಳೆಯದೇ. ಬೆಲ್ಲ, ಸೊಪ್ಪು ಮೊದಲಿಗಿಂತ ಹೆಚ್ಚು ತಿಂದಳೇ? ಇಲ್ಲ. ಕಬ್ಬಿಣದ ಮಾತ್ರೆ? ಹೊಟ್ಟೆ ತೊಳಸುತ್ತದೆಂದು ಯಾವಾಗಲೋ ಬಿಟ್ಟಿದ್ದಳು. ಚೀಲದ ಸಜ್ಜೆಯನ್ನು ಮನೆಯಲ್ಲಿ ಬೇರೆ ಯಾರಾದರೂ ಉಂಡರೇ ಎಂದು ಕೇಳಿದಾಗ ಗಂಗವ್ವನ ಮುಖ ಬಿಗಿಯಾಯಿತು.

"ಔಷಧ ಯಾರರ ಹಂಚಿ ತಿಂತಾರೇನ್ರಿ?" ಎಂದಳು. "ರೊಟ್ಟಿ ಅಂದ್ರ ಎಲ್ಲಾರ ಪಾಲಿಗೂ ಹೋಗತೈತಿ. ಗಂಡಸರು ಉಣ್ಣಬೇಕು, ಹುಡುಗ್ರು ಉಣ್ಣಬೇಕು, ಕುರಿ ಹಿಂದ ಹೋದವ್ರಿಗೆ ಬುತ್ತಿ ಕಟ್ಟಬೇಕು. ಉಳದ್ರ ಆಕಿಗೆ. ಔಷಧ ಅಂದ ಮ್ಯಾಲ ಅದು ಆಕೀದ ಅಷ್ಟ. ನಾನ ಮುಂದ ಕುಂತು ತಿನಸ್ತಿದ್ದೆ."

ನಾನು ಶಿವಾನಂದರ ಕಡೆ ನೋಡಿದೆ. ಅವರು ಕಂಬಳಿಯ ಅಂಚನ್ನು ನೋಡುತ್ತಿದ್ದರು. ಚೀಲದ ಸಜ್ಜೆಯನ್ನು ಬೇರೆಯವರು ಉಣ್ಣಬಾರದು, ಪ್ರತಿ ಹೆಂಗಸೂ ದಿನಕ್ಕೆ ಇಂತಿಷ್ಟು ರೊಟ್ಟಿ ತಪ್ಪದೆ ಉಣ್ಣಬೇಕು ಎಂದು ಕಟ್ಟಳೆ ಮಾಡಿದವರು ನಾವೇ. ಲೆಕ್ಕ ಕೆಡಬಾರದೆಂದು ಮಾಡಿದ ಕಟ್ಟಳೆ ಅದು, ಎರಡೂ ಗುಂಪಿಗೆ ಒಂದೇ. ಮನೆಯವರಿಗೆ ಸುಲಭವಾಗಿ ತಿಳಿಯಲೆಂದು ಸುರೇಖಾ, ಉಳಿದ ಹಳ್ಳಿಗಳಲ್ಲಿ ಅವಳಂಥ ಕಾರ್ಯಕರ್ತೆಯರು, ಔಷಧದ ಸಜ್ಜೆ ಎಂದು ಹೇಳಿಬಿಟ್ಟಿದ್ದರು. ಅಷ್ಟೂ ಮನೆಗಳಲ್ಲಿ ಅಷ್ಟೂ ದಿನ, ಹೆಂಗಸರ ಪಾಲಿನ ರೊಟ್ಟಿಗೆ ಯಾರೂ ಕೈ ಹಾಕಿರಲಿಲ್ಲ. ಪ್ರಯೋಗಾಲಯದಲ್ಲಿ ಕುಳಿತು ಹಿಟ್ಟು ಅಳೆಯುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಗಂಗವ್ವ ನಾವು ಎದುರು ನೋಡದಿದ್ದ ಮಾತು ತೆಗೆದಳು. "ಚೀಲ ಮುಗದೈತ್ರಿ. ಈಗ ಆಕಿ ಎರಡ ಜೀವದಾಕಿ. ಇನ್ನೊಂದ ಚೀಲ ಕೊಟ್ಟ ಹೋಗ್ರಿ."

ಕೊಡಲು ನಮ್ಮಲ್ಲಿ ಚೀಲ ಇರಲಿಲ್ಲ. ಅಧ್ಯಯನದ ಕಾಳು ತೀರಿತ್ತು. ನೋಡೋಣ ಎಂದು ಹೇಳಿ ಎದ್ದುಬಿಡಬಹುದಾಗಿತ್ತು. ನನ್ನ ನಾಲಿಗೆಯ ತುದಿಗೆ ಬಂದದ್ದೂ ಅದೇ ಮಾತು. ಶಿವಾನಂದರು ನೀರಿನ ತಂಬಿಗೆಯನ್ನು ಬದಿಗೆ ಸರಿಸಿದರು. ಆಮೇಲೆ ಗಂಗವ್ವನ ಕಡೆ ತಿರುಗಿ ಕುಳಿತು ಮೆಲ್ಲಗೆ ಹೇಳಿದರು. "ಅವ್ವಾರ, ನಿಮಗ ಖರೇ ಹೇಳತೀನಿ. ಅರ್ಧ ಮಂದಿಗೆ ನಾವು ಬ್ಯಾರೆ ತಳಿ ಸಜ್ಜಿ ಕೊಟ್ಟಿದ್ವಿ, ಅರ್ಧ ಮಂದಿಗೆ ಸಾದಾ. ನಿಮ್ಮ ಚೀಲದಾಗ ಇದ್ದದ್ದು ಸಾದಾ ಸಜ್ಜಿ. ನಿಮ್ಮ ಹೊಲದಾಗ ಬೆಳೀತದಲ್ಲ, ಅದ."

"ಅದರಾಗ ಔಷಧ ಇರಲಿಲ್ಲೇನ್ರಿ?"

"ಇರಲಿಲ್ರಿ."

ಗಂಗವ್ವ ಸುರೇಖಾಳ ಮುಖ ನೋಡಿದಳು. ತನಗೂ ಗೊತ್ತಿರಲಿಲ್ಲ ಎಂದು ಸುರೇಖಾ ತಲೆಯಾಡಿಸಿದಳು. ಮುದುಕಿಗೆ ಮೋಸ ಹೋದಂತೆ ಅನ್ನಿಸಿತೆಂದು ಕಾಣುತ್ತದೆ, ನಮ್ಮಿಂದ ತುಸು ಆಚೆ ಸರಿದು ಕುಳಿತಳು. "ಮತ್ತ ಆಕಿ ಹೆಂಗ ಚಲೋ ಆದ್ಲು?" ಎಂದು ಕೇಳಿದಳು.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ದಿನಾ ಉಂಡೆನಲ್ರಿ ಅತ್ತಿ," ಎಂದಳು ಸವಿತಾ. ಮುನಿಸಿರಲಿಲ್ಲ, ದೂರೂ ಇರಲಿಲ್ಲ. ಯಾರೋ ದಾರಿ ಕೇಳಿದರೆ ಹೇಳುವಂತೆ ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮ ಅತ್ತಿನೂ ಕಡೀಕ ಉಣತಿದ್ಲು. ನಾನೂ ಕಡೀಕ ಉಂಡೆ. ಉಣ್ಣೂದಂದ್ರ ಹಿಂಗ ಅಂತ ತಿಳದಿದ್ವಿ," ಎಂದಳು. ಆ ಮಾತನ್ನು ಅವಳು ನಮಗೆ ಹೇಳಿದಳೋ ಸೊಸೆಗೆ ಹೇಳಿದಳೋ ಗೊತ್ತಾಗಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಿರಜಿನ ಆಸ್ಪತ್ರೆಯಲ್ಲಿ ಸೊಸೆಯ ಕಾಲ ದೆಸೆಗೆ ನೆಲದ ಮೇಲೆ ಮಲಗಿ ಕಾದವಳು ಇದೇ ಗಂಗವ್ವ ಎಂದೂ ಸುರೇಖಾ ಹೇಳಿದ್ದಳು.

ಆಮೇಲೆ ನನಗೆ ತಿಳಿದದ್ದನ್ನು ನಾನು ಹೇಳಿದೆ. ಹೊಟ್ಟೆ ತುಂಬ ಉಣ್ಣಬೇಕು ನಿಜ, ಆದರೆ ಬಸುರಿಗೆ ರೊಟ್ಟಿಯೊಂದೇ ಸಾಲದು. ಕಾಳಿನಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ, ಮಾತ್ರೆ ಬೇಕೇ ಬೇಕು. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ನುಂಗಿ ನೋಡಲಿ, ಆಗಲೂ ಆಗದಿದ್ದರೆ ಬಿಟ್ಟು ಕೂರದೆ ಡಾಕ್ಟರಿಗೆ ಹೇಳಲಿ ಎಂದೆ. ಸುರೇಖಾ ತನ್ನ ಚೀಲದಿಂದ ಮಾತ್ರೆಯ ಹಾಳೆ ತೆಗೆದುಕೊಟ್ಟಳು. ಗಂಗವ್ವ ಅದನ್ನು ಹಿಂದುಮುಂದು ತಿರುಗಿಸಿ ನೋಡಿ ಮಡಿಲಲ್ಲಿಟ್ಟುಕೊಂಡಳು. ಏನೋ ಲೆಕ್ಕ ಹಾಕುತ್ತಿರುವಂತೆ ಕಂಡಳು.

"ಒಂದ ಮಾತು," ಎಂದಳು ಕೊನೆಗೆ. "ನಾಳೆ ನನ್ನ ಮಗ ಬರ್ತಾನ. ಹೊಲದ ಸಜ್ಜಿ ಅಂದ್ರ ಮತ್ತ ಎಲ್ಲಾರೂ ಕೈ ಹಾಕತಾರ. ನಾ ಅಂತೂ ಅದನ್ನ ಔಷಧ ಅಂತನ ಹೇಳಾಕಿ. ನೀವು ಯಾರ ಮುಂದೂ ಬ್ಯಾರೆ ಹೇಳಬ್ಯಾಡ್ರಿ."

ಸುರೇಖಾಳಿಗೆ ನಗು ತಡೆಯಲಾಗಲಿಲ್ಲ. ಒಳಗೆ ಸವಿತಾಳೂ ನಕ್ಕದ್ದು ಕೇಳಿಸಿತು. ಶಿವಾನಂದರು ಗಂಭೀರವಾಗಿಯೇ, ಹೇಳುವುದಿಲ್ಲ ಎಂದು ಮಾತು ಕೊಟ್ಟರು.

ಊಟಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳಿನ ಚಟ್ನಿ, ಮೊಸರು. ಬಂದವರಿಗೆ ಮೊದಲು ಬಡಿಸುವುದು ನಮ್ಮ ಕಡೆಯ ರೀತಿ. ಗಂಗವ್ವ ನಮ್ಮನ್ನು ಕಾಯಲು ಹೇಳಿದಳು. ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, ತಾಟು ಕೊಟ್ಟು ಕೂರಿಸಿದಳು. ಹೊರಗಿನವರ ಮುಂದೆ ಉಣ್ಣಲು ಸವಿತಾಳಿಗೆ ಬಹಳ ಸಂಕೋಚವಾಯಿತು. ಗೋಡೆಗೆ ಮುಖ ಮಾಡಿ ಕುಳಿತು ಬೇಗ ಬೇಗ ಉಂಡಳು. ಅತ್ತೆ, "ಸಾವಕಾಶ," ಎಂದು ಇನ್ನೊಂದು ರೊಟ್ಟಿ ಹಾಕಿದಳು. ನಾವು ಅಂಗಳದ ಬಿಸಿಲಲ್ಲಿ ಕುಳಿತು ಕಾದೆವು. ಆಮೇಲೆ ಸಿಕ್ಕ ಊಟವನ್ನು ಶಿವಾನಂದರು ತುಂಬ ಹೊಗಳಿದರು. ಹೋಗುವಾಗ ಗಂಗವ್ವ ನನ್ನ ಹಣೆಗೆ ಕುಂಕುಮ ಹಚ್ಚಿ, ಗುಡ್ಡಾಪುರಕ್ಕೆ ಹೋಗದೆ ತಿರುಗಿ ಹೋಗುತ್ತೀರಲ್ಲ ಎಂದು ನೊಂದುಕೊಂಡಳು.

ಮಧ್ಯಾಹ್ನದ ಬಸ್ಸು ಅರ್ಧ ಖಾಲಿ ಬಂತು. ಡಾಕ್ಟರಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು, ಇದನ್ನು ಇದ್ದ ಹಾಗೆಯೇ ಬರೆಯಬೇಕು ಎಂದರು. ಶಿವಾನಂದರ ಸಜ್ಜೆ ಸೋತಿರಲಿಲ್ಲ, ಗೆದ್ದೂ ಇರಲಿಲ್ಲ. ಅದರಲ್ಲಿ ಕಬ್ಬಿಣ ಹೆಚ್ಚಿರುವುದು ನಿಜವೇ, ನಾನೇ ಅಳೆದಿದ್ದೆ. ಹೊಟ್ಟೆ ತುಂಬಿದ್ದರಿಂದ ಏರಿದ ರಕ್ತವೆಷ್ಟು, ತಳಿಯಿಂದ ಏರಿದ್ದೆಷ್ಟು ಎಂದು ಬಿಡಿಸಿ ಹೇಳಲು ಮಾತ್ರ ಬರುವಂತಿರಲಿಲ್ಲ.

"ಇನ್ನೊಂದು ಗುಂಪು ಇರಬೇಕಾಗಿತ್ತು ನೋಡ್ರಿ," ಎಂದರು ಶಿವಾನಂದರು. "ಏನೂ ಕೊಡಬಾರದು, ಏನೂ ಹೇಳಬಾರದು. ಈಗ ಹೆಂಗ ಅದಾರೋ ಹಂಗ. ಅವರ ಜೋಡಿ ಹೋಲಿಸಿದ್ರ ಗೊತ್ತಾಗತಿತ್ತು."

ಆ ಗುಂಪಿಗೆ ಯಾರನ್ನು ಹಾಕುತ್ತಿದ್ದಿರಿ ಎಂದು ಕೇಳಿದೆ.

ಸೊರಡಿಯ ಹತ್ತಿರ ಬಸ್ಸು ನಿಂತಿತು. ದಾಳಿಂಬೆ ತೋಟದಲ್ಲಿ ಕೂಲಿ ಮುಗಿಸಿದ ಹೆಂಗಸರ ದೊಡ್ಡ ಗುಂಪು ಹತ್ತಿತು. ಕೈಯಲ್ಲಿ ಬುತ್ತಿಯ ಬಟ್ಟೆ, ಕಾಲಿಗೆಲ್ಲ ಮಣ್ಣು. ಇದ್ದ ಜಾಗ ಕ್ಷಣದಲ್ಲಿ ತುಂಬಿತು. ಉಳಿದವರು ಕಂಬಿ ಹಿಡಿದು ನಿಂತರು. ಶಿವಾನಂದರು ಅವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದರು. ನಮ್ಮ ಸೀಟಿನ ಪಕ್ಕ ನಿಂತಿದ್ದವಳು ಇಪ್ಪತ್ತೈದು ದಾಟಿರದ ಹೆಂಗಸು, ತುಟಿ ಬಿಳಿಚಿತ್ತು. ಶಿವಾನಂದರು ಎದ್ದು, ಕುಳಿತುಕೊಳ್ಳುವಂತೆ ಸನ್ನೆ ಮಾಡಿದರು. ಅವಳು ಹಿಂಜರಿದು, ಸೀಟಿನ ತುದಿಯಲ್ಲಿ ಕುಳಿತಳು. ಬಸ್ಸು ಊರು ದಾಟುವುದರೊಳಗೆ ನನ್ನ ಹೆಗಲಿಗೆ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಜತ್ತ ಬರುವವರೆಗೂ ನಾನು ಅಲುಗಾಡಲಿಲ್ಲ.