ಬೋಗಾದಿಯಲ್ಲಿ ಕೇಳಿದ ಅಕ್ಕನ ದನಿ

ನಮ್ಮೂರು ಇರಬೇಕಾದ ಜಾಗದಲ್ಲಿ ಬೇರೆ ಯಾರೋ ಕೂತು ಮಾತಾಡುತ್ತಿದ್ದರು.

ಗುಲ್ಬರ್ಗದಿಂದ ಟ್ರಂಕಿನಲ್ಲಿ ಸೀರೆಗಳ ನಡುವೆ ಸುತ್ತಿ ತಂದಿದ್ದ ರೇಡಿಯೋ ಅದು. ಮುಳ್ಳು ಎಲ್ಲಿ ನಿಂತರೆ ನಮ್ಮೂರ ನಿಲಯ ಬರುತ್ತದೆ ಎಂದು ಅಕ್ಕ ಗಾಜಿನ ಮೇಲೆ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದಳು. ಮೈಸೂರಿಗೆ ಬಂದ ಮೊದಲ ದಿನ, ಬೋಗಾದಿಯ ಬಾಡಿಗೆ ಕೋಣೆಯಲ್ಲಿ, ಹಾಸಿಗೆ ಬಿಚ್ಚುವ ಮೊದಲೇ ಮುಳ್ಳನ್ನು ಆ ಚುಕ್ಕೆಗೆ ತಂದು ನಿಲ್ಲಿಸಿದೆ. ಹಗಲೆಲ್ಲ ಬರೀ ಸುಯ್ಯೆನ್ನುವ ಸದ್ದು. ಸಂಜೆಯಾದ ಮೇಲೆ ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬ ಗಂಡಸು ಏನನ್ನೋ ಆರಾಮವಾಗಿ ಹೇಳತೊಡಗಿದ. ಬಸ್ಸಿನಲ್ಲಿ ಟವೆಲ್ ಹಾಕಿ ಹಿಡಿದ ಸೀಟಿನಲ್ಲಿ ಬೇರೆಯವರು ಕೂತಿದ್ದರೆ ಬರುವಂಥ ಸಿಟ್ಟು ಬಂತು. ಆಮೇಲೆ ಅಳು ಬಂತು.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನು ಸರ್ಕಾರಿ ಕಚೇರಿಯಲ್ಲಿ ಸ್ಟೆನೋ. ಸಾಹೇಬರು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲದೆ ಟೈಪು ಮಾಡುವುದು ನನ್ನ ಕೆಲಸ. ಅದರ ಜಂಬವೂ ನನಗೆ ಸಾಕಷ್ಟಿತ್ತು. ಬಡ್ತಿಯ ಜೊತೆಗೆ ವರ್ಗವೂ ಬಂತು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವಳು ಅಕ್ಕ ಶರಣಮ್ಮ. ಅವಳು ನಮ್ಮೂರ ನಿಲಯದಲ್ಲಿ ಪ್ರತಿ ಮಂಗಳವಾರ ಸಂಜೆ ಹಳ್ಳಿಗರ ಕಾರ್ಯಕ್ರಮದಲ್ಲಿ ಮಾತಾಡುತ್ತಿದ್ದಳು. ಬಿತ್ತನೆ, ಕೂಸಿನ ಲಸಿಕೆ, ಅತ್ತೆ ಸೊಸೆ ಜಗಳ, ಎಲ್ಲವೂ ಅವಳ ಬಾಯಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರುತ್ತಿದ್ದವು. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಳಿಸುವಾಗ ಅವಳು ಹೇಳಿದ್ದು ಇಷ್ಟೇ: "ಅಳಬ್ಯಾಡ. ಮಂಗಳವಾರ ರೇಡಿಯೋ ಹಚ್ಚು, ನಾ ಅಲ್ಲೇ ಬರ್ತೀನಿ."

ಅವಳು ಬರಲಿಲ್ಲ. ಅವಳ ಬದಲು ಮೈಸೂರು ಬಂತು.

ಮೈಸೂರಿನ ಜನ ಮೆತ್ತಗೆ ಮಾತಾಡುತ್ತಾರೆ, ನಾಯಿಯನ್ನು ಓಡಿಸುವಾಗಲೂ ಅದರ ಮನಸ್ಸು ನೋಯದ ಹಾಗೆ. ಮನೆ ಒಡತಿ ಪುಟ್ಟತಾಯಮ್ಮ ದಿನಾ ಸಂಜೆ ಗೇಟಿನ ಹತ್ತಿರವೇ ಹಿಡಿಯುತ್ತಿದ್ದರು: "ಬಂದ್ಬುಟ್ರಾ? ಕಾಫಿ ಕುಡ್ದ್ಬುಟ್ಟು ಒಳಗೋಗಿ." ನಮ್ಮ ಕಡೆ 'ಬಿಡು' ಅಂದರೆ ಬಿಡುವುದು ಅಷ್ಟೇ, ಇಲ್ಲಿ ಬರುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ಬಾಲದಲ್ಲಿ ಒಂದು 'ಬುಡು' ಇರಲೇಬೇಕು. ನನ್ನ ಮಾತೋ, ಕಚೇರಿಯಲ್ಲಿ ಎರಡು ಕೋಣೆ ದಾಟಿ ಕೇಳುತ್ತಿತ್ತು. "ಯಾರ ಜೊತೆ ಜಗಳ ಆಡ್ತಿದ್ರಿ?" ಎಂದು ಸಾಹೇಬರು ಒಮ್ಮೆ ಕೇಳಿದರು. ನಾನು ಜವಾನನಿಗೆ ನೀರು ಕೇಳಿದ್ದೆ, ಅಷ್ಟೇ.

ಊಟದ ಕಥೆ ಇನ್ನೊಂದು. ಪುಟ್ಟತಾಯಮ್ಮನವರ ಬಸ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನ ಸಾರು, ನಿಜಕ್ಕೂ ರುಚಿ. ಆದರೆ ಮುದ್ದೆಯನ್ನು ಅಗಿಯದೆ ನುಂಗಬೇಕಂತೆ. ರೊಟ್ಟಿಯನ್ನು ಕಟಕಟ ಅಗಿದು ಬೆಳೆದ ಹಲ್ಲುಗಳಿಗೆ ಇದೆಂಥ ಶಿಕ್ಷೆ! ಜೋಳದ ಹಿಟ್ಟಿಗಾಗಿ ಬೋಗಾದಿಯ ಗಿರಣಿಗೆ ಹೋದರೆ ಗಿರಣಿಯವನು, ಇಲ್ಲಿ ಅದು ಮೇವು ತಾನೇ, ಕೋಳಿಗಾ ಎಂದು ಕೇಳಿದ. ಎರಡು ದಿನ ಅವನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಕಡೆಗೆ ಜೋಳ ಸಿಕ್ಕಿದ್ದು ಸಂತೇಪೇಟೆಯಲ್ಲಿ, ನಂಜುಂಡಸ್ವಾಮಿ ಎನ್ನುವ ಹಿರಿಯರ ದಿನಸಿ ಅಂಗಡಿಯಲ್ಲಿ. ಹಣೆಯಲ್ಲಿ ವಿಭೂತಿ, ತಕ್ಕಡಿಯ ಪಕ್ಕದಲ್ಲಿ ಹಳೆಯ ದೊಡ್ಡ ರೇಡಿಯೋ. ಅವರು ಜೋಳ ತೂಗುತ್ತಿದ್ದಾಗ ತಡೆಯಲಾರದೆ ಕೇಳಿಬಿಟ್ಟೆ: "ಇದರಾಗ ಗುಲ್ಬರ್ಗ ಬರ್ತದೇನ್ರಿ?"

ಅವರು ತಕ್ಕಡಿಯನ್ನು ಹಾಗೇ ಕೆಳಗಿಟ್ಟರು. "ಯಾಕ್ ಬರಲ್ಲ? ಬರ್ತದೆ ಕಣಮ್ಮ. ಆದ್ರೆ ಕರ್ದಂಗೆಲ್ಲ ಬರಲ್ಲ."

ಅವತ್ತು ಜೋಳದ ಜೊತೆಗೆ ಒಂದು ಪಾಠವೂ ಸಿಕ್ಕಿತು. ಮೀಡಿಯಂ ವೇವ್ ಎನ್ನುವುದು ಹಗಲಲ್ಲಿ ನೆಲ ಹಿಡಿದು ನಡೆಯುತ್ತದೆ, ಸ್ವಲ್ಪ ದೂರಕ್ಕೇ ಸುಸ್ತಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಮೇಲಕ್ಕೆ ಹೋಗಿ, ಆಕಾಶಕ್ಕೆ ತಾಗಿ, ನೂರಾರು ಮೈಲಿ ಆಚೆ ಬಂದು ಬೀಳುತ್ತದೆ. ಆದರೆ ಆ ಹೊತ್ತಿಗೆ ಎಲ್ಲ ಊರಿನವೂ ಹೀಗೇ ಹಾರಿ ಬರುತ್ತವೆ. ಒಂದೇ ಜಾಗಕ್ಕೆ ಇಬ್ಬರು ಮೂವರು ಬಂದರೆ ಜೋರಾಗಿದ್ದವನು ಗೆಲ್ಲುತ್ತಾನೆ. ನಮ್ಮೂರಿನದು ಸಣ್ಣ ನಿಲಯ, ಪಾಪ.

ನಂಜುಂಡಸ್ವಾಮಿಯವರ ಅಂಗಡಿಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ರೇಡಿಯೋ ಹುಚ್ಚಿನ ಆರೇಳು ಜನ ಸೇರುತ್ತಿದ್ದರು. ಮಠದ ಸ್ವಾಮಿಗಳ ಫೋಟೋದ ಸುತ್ತ ಗೋಡೆ ತುಂಬ ದೂರದೂರದ ನಿಲಯಗಳಿಂದ ಬಂದ ಬಣ್ಣದ ಕಾರ್ಡುಗಳು. ದೂರದ ನಿಲಯವೊಂದನ್ನು ಕೇಳಿದರೆ ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೇಳಿಸಿತು, ಎಷ್ಟು ಸ್ಪಷ್ಟವಾಗಿತ್ತು ಎಂದು ಆ ನಿಲಯಕ್ಕೆ ವರದಿ ಬರೆಯಬೇಕು. ಅವರು ತಾಳೆ ನೋಡಿ, ಹೌದು, ನೀವು ಕೇಳಿದ್ದು ನಮ್ಮನ್ನೇ ಎಂದು ಕಾರ್ಡು ಕಳಿಸುತ್ತಾರೆ. ಅದು ಈ ಜನರ ಪದಕ. ಕೂಟದ ಪುಸ್ತಕದಲ್ಲೂ ಅದೇ ವರದಿ ಬರೆದು ಹಿರಿಯರ ಸಹಿ ಹಾಕಿಸಬೇಕು. ಅದಕ್ಕೆ ನಂಜುಂಡಸ್ವಾಮಿಯವರದು ಒಂದೇ ಕಟ್ಟಳೆ: "ಕೇಳಿದ್ನ ಬರೀರಿ. ಗೊತ್ತಿರೋದ್ನ ಬರೀಬೇಡಿ."

ಆ ಮಹಡಿಯಲ್ಲಿ ನನಗೆ ಮೈಸೂರು ಮೊದಲ ಸಲ ಊರು ಅನ್ನಿಸಿತು. ಅಲ್ಲಿ ನನ್ನ ಜೋರು ದನಿ ಯಾರಿಗೂ ಜಗಳವಾಗಿ ಕೇಳಲಿಲ್ಲ, ಯಾಕೆಂದರೆ ಅಲ್ಲಿ ನಿಜವಾದ ಜಗಳಗಳೇ ಇದ್ದವು. ಎಫ್ಎಂ ಬಂದರೆ ಒಳ್ಳೆಯದೋ ಕೆಟ್ಟದ್ದೋ ಎನ್ನುವುದೇ ದೊಡ್ಡದು. ಬೋಗಾದಿಯ ಹೊಸ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ ಸಿದ್ದರಾಜು, ಗೋಡೆಯ ಮೇಲೆ ಬುದ್ಧನ ಪಟವಿಟ್ಟುಕೊಂಡು ಮನೆಯಲ್ಲೇ ರೇಡಿಯೋ ಕಟ್ಟುತ್ತಿದ್ದವನು, ಎಫ್ಎಂ ಪರ: "ಏನ್ ಕ್ಲೀನಾಗ್ ಕೇಳ್ತದೆ ಸ್ವಾಮಿ, ಎದುರ್ಗೇ ಕುಂತು ಆಡ್ದಂಗೆ!" ನಂಜುಂಡಸ್ವಾಮಿಯವರು ಬಿಡುತ್ತಿರಲಿಲ್ಲ: "ಆಡ್ತದೆ, ಶ್ರೀರಂಗಪಟ್ಟಣ ದಾಟಿ ಆಚೆಗೆ ಹೋಗಲ್ಲ. ಗದ್ಲ ಇದ್ರೂ ಪರವಾಗಿಲ್ಲ ಕಣಯ್ಯ, ದೂರದೋರು ಬರ್ಬೇಕು." ನಾನು ಯಾರ ಪರ ಎಂದು ಹೇಳಬೇಕಾಗಿಲ್ಲ.

ಸಿದ್ದರಾಜು ಒಂದು ಭಾನುವಾರ ನಮ್ಮ ಮನೆಗೇ ಬಂದು, ಪುಟ್ಟತಾಯಮ್ಮನವರ ತೆಂಗಿನ ಮರದಿಂದ ನನ್ನ ಕಿಟಕಿಯವರೆಗೆ, ದೂರದ ನಿಲಯ ಹಿಡಿಯಲೆಂದು, ಉದ್ದಕ್ಕೆ ತಾಮ್ರದ ತಂತಿ ಎಳೆದುಕೊಟ್ಟ. ಮಾರನೆಯ ದಿನ ಅದರ ಮೇಲೆ ಮೂರು ಲಂಗ, ಒಂದು ಹೊದಿಕೆ ಒಣಗುತ್ತಿದ್ದವು. ಬಟ್ಟೆ ತೆಗೆಯಿರಿ ಎಂದು ಪುಟ್ಟತಾಯಮ್ಮನವರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. "ಮಂಗಳವಾರ ಸಾಯಂಕಾಲ ಮಾತ್ರ ತೆಗೀತೀನಿ ಕಣಮ್ಮ" ಎನ್ನುವಲ್ಲಿಗೆ ರಾಜಿ ಆಯಿತು.

ಮಂಗಳವಾರಗಳು ಬಂದವು, ಹೋದವು. ಕಚೇರಿಯಿಂದ ಓಡಿ ಬಂದು, ಚಪ್ಪಲಿ ಬಿಡುವಾಗಲೇ ರೇಡಿಯೋ ತಿರುಗಿಸುತ್ತಿದ್ದೆ. ಆ ಅಪರಿಚಿತ ಗಂಡಸು ಮಾತಾಡುತ್ತಿದ್ದ. ಅವನು ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಒಂದು ಹಾಡಿನ ಚೂರು, ಅರ್ಧ ಶಬ್ದ. ನಮ್ಮದೋ ಯಾರದೋ ತಿಳಿಯುತ್ತಿರಲಿಲ್ಲ. ಅಕ್ಕನ ಕಾಗದಗಳು ಬರುತ್ತಿದ್ದವು, ಎಲ್ಲ ಚೆಂದ ಇದೆ ಎಂದು. ನನಗೆ ಕಾಗದ ಬೇಡವಾಗಿತ್ತು, ದನಿ ಬೇಕಿತ್ತು.

ಕಾರ್ತಿಕದ ಒಂದು ಮಂಗಳವಾರ, ಪುಟ್ಟತಾಯಮ್ಮ ಹೊಸ್ತಿಲಿಗೆ ದೀಪ ಇಡುತ್ತಿದ್ದ ಹೊತ್ತು, ಗಂಡಸಿನ ದನಿ ತೆಳ್ಳಗಾಗುತ್ತಾ ಹೋಯಿತು. ಅದರ ಅಡಿಯಿಂದ ಹೆಣ್ಣಿನ ದನಿ ಎದ್ದಿತು. "...ತಂಗಿ..." ಎಂದಿತು. ನನ್ನ ಕೈ ತಾನಾಗಿ ಪೆನ್ಸಿಲು ಹಿಡಿಯಿತು. ಕಾಲು ಗಂಟೆ ನಾನು ಗೀಚುತ್ತಲೇ ಇದ್ದೆ. ಅಕ್ಕ ಹಿಂಗಾರು ಬಿತ್ತನೆಯ ಬಗ್ಗೆ ಹೇಳಿದಳು, ತೊಗರಿಗೆ ಬಿದ್ದ ಹುಳುವನ್ನು ಬೈದಳು, ಎಂದಿನಂತೆ ಕೊನೆಗೆ ಗಂಡಂದಿರನ್ನೂ ಬೈದಳು. ಎರಡು ಹಾಳೆ ತುಂಬಿತು.

ಭಾನುವಾರ ಪುಸ್ತಕದಲ್ಲಿ ಅಷ್ಟನ್ನೂ ಬರೆದೆ. ನಂಜುಂಡಸ್ವಾಮಿಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇಷ್ಟೊಂದಾ? ಅಷ್ಟ್ ಗದ್ಲದಲ್ಲಿ ಇಷ್ಟೂ ಕೇಳಿಸ್ತಾ ಕಣಮ್ಮ?"

"ಕೇಳಿಸ್ತು ರೀ," ಎಂದೆ. "ನಮ್ಮಕ್ಕನ ದನಿ ನನಗ ಗೊತ್ತಾಗಂಗಿಲ್ಲೇನು?"

ಅವರು ಸಹಿ ಹಾಕಿದರು. ಸಿದ್ದರಾಜು ಓಡಿಹೋಗಿ ಎಲ್ಲರಿಗೂ ಬೋಂಡಾ ತಂದ. ಇಷ್ಟು ಸಣ್ಣ ನಿಲಯವನ್ನು ಆ ಕೂಟದಲ್ಲಿ ಅದುವರೆಗೆ ಯಾರೂ ಹಿಡಿದಿರಲಿಲ್ಲ. ವರದಿಯನ್ನು ಅಚ್ಚುಕಟ್ಟಾಗಿ ಟೈಪು ಮಾಡಿ ನಮ್ಮೂರ ನಿಲಯಕ್ಕೆ ಕಳಿಸಿದೆ.

ಕಾರ್ಡು ಬರಲಿಲ್ಲ. ಅಕ್ಕನ ಕಾಗದ ಬಂತು.

"ತಂಗಿ, ನೀ ಬರೆದದ್ದನ್ನ ನಿಲಯದವರು ನನಗ ಓದಲಿಕ್ಕೆ ಕೊಟ್ಟರು. ಮೊದಲ ನಕ್ಕೆ, ಆಮ್ಯಾಲ ಅತ್ತೆ. ಶ್ರಾವಣದಿಂದ ನಾ ಮೈಕಿನ ಮುಂದ ಕುಂತಿಲ್ಲ. ಗಂಟಲದಾಗ ಗಂಟು ಆಗಿತ್ತು, ಕೊಯ್ದು ತೆಗದಾರ. ಜೀವಕ್ಕೇನೂ ಆಗಿಲ್ಲ, ಹೆದರಬ್ಯಾಡ. ಆದರ ದನಿ ಹೋಗ್ಯಾದ. ನಿನಗ ತಿಳಿಸಿದರ ನೌಕರಿ ಬಿಟ್ಟು ಓಡಿ ಬರ್ತಿ ಅಂತ ತಿಳಿಸಲಿಲ್ಲ. ನನ್ನ ಜಾಗಕ್ಕ ಬ್ಯಾರೆ ಹೆಣ್ಮಗಳು ಬಂದಾಳ. ನೀ ಕೇಳಿದಾಕಿ ನಾ ಅಲ್ಲ."

ಶ್ರಾವಣ ಕಳೆದು ಭಾದ್ರಪದ, ಆಶ್ವಯುಜ ಎರಡೂ ದಾಟಿದ್ದವು. ಅಕ್ಕ ಮಾತು ಕಳೆದುಕೊಂಡು ಕೂತಿದ್ದ ಅಷ್ಟೂ ದಿನ ನಾನಿಲ್ಲಿ ರೇಡಿಯೋ ತಿರುಗಿಸುತ್ತಿದ್ದೆ. ಕೊನೆಗೆ ಅವಳು ಆಡದ ಎರಡು ಹಾಳೆ ಮಾತನ್ನು ಬರೆದುಕೊಂಡಿದ್ದೆ. ನಾನು ಸುಳ್ಳು ಬರೆದೆನೇ? ಇಲ್ಲ, ಅಂದುಕೊಂಡೆ. ಸುಳ್ಳು ಹೇಳುವವರಿಗೆ ಅದು ಸುಳ್ಳು ಅಂತ ಗೊತ್ತಿರುತ್ತದೆ. ನಾನು ಕೇಳಿದ್ದು 'ತಂಗಿ' ಎನ್ನುವ ಒಂದು ಶಬ್ದ. ಅದು ಆ ಹೊಸ ಹೆಣ್ಣುಮಗಳದೋ, ಬೇರಾವುದೋ ನಿಲಯದ್ದೋ. ಉಳಿದದ್ದೆಲ್ಲ ನನ್ನೊಳಗಿಂದ ಬಂತು. ಒಂದಕ್ಷರ ಹೆಚ್ಚು ಬರೆಯದ ಸ್ಟೆನೋ ಎಂಬ ನನ್ನ ಜಂಬ ಅವತ್ತಿಗೆ ಮುಗಿಯಿತು.

ಭಾನುವಾರ ಮಹಡಿಯ ಮೆಟ್ಟಿಲ ಬುಡದವರೆಗೆ ಬಂದು ಅಲ್ಲೇ ನಿಂತೆ. ಈ ಊರಿನಲ್ಲಿ ನನಗೆ ಇದ್ದವರೇ ಆ ಆರೇಳು ಜನ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ನಂಜುಂಡಸ್ವಾಮಿಯವರ ಸಹಿ ಇತ್ತು. ಹೋಗಿ, ಕಾಗದವನ್ನು ಅವರ ಮುಂದಿಟ್ಟು, "ನಾ ಕೇಳಿದ್ದಿಲ್ಲ ರೀ, ಗೊತ್ತಿದ್ದದ್ದು ಬರದೆ" ಎಂದೆ.

ಅವರು ಕಾಗದ ಓದಿ ಮಡಿಸಿ ನನಗೆ ಕೊಟ್ಟರು. ಪುಸ್ತಕ ತೆರೆದು, ಸ್ಕೇಲು ಇಟ್ಟು, ನನ್ನ ವರದಿಯ ಮೇಲೆ ಒಂದು ಗೀಟು ಎಳೆದರು. "ಹರೀಬಾರ್ದು, ಅಳಿಸ್ಬಾರ್ದು. ಗೀಟ್ ಎಳೆದ್ರೆ ಆಯ್ತು," ಎಂದರು. ಗೀಟಿನ ಪಕ್ಕದಲ್ಲಿ ಮತ್ತೊಂದು ಸಹಿ ಹಾಕಿದರು.

ಸಿದ್ದರಾಜು ನೆಲ ನೋಡುತ್ತಾ ಹೇಳಿದ: "ನಮ್ಮವ್ವ ಓಗಿ ಮೂರ್ ವರ್ಸ ಆಯ್ತು ಅಕ್ಕ. ಈಗ್ಲೂ ನಾ ಮನೆಗ್ ಬಂದ್ರೆ ಅಡ್ಗೆಮನೆಯಿಂದ 'ಬಂದ್ಯಾ' ಅಂದಂಗೆ ಕೇಳ್ತದೆ. ನಾನು ಬುಕ್ಕಲ್ ಬರ್ಯಲ್ಲ, ಅಷ್ಟೇಯ."

ಆಗ ನನಗೆ ಅಳು ತಡೆಯಲಾಗಲಿಲ್ಲ. ನಂಜುಂಡಸ್ವಾಮಿಯವರು ಪುಸ್ತಕ ಮುಚ್ಚಿಟ್ಟು, "ರೇಡಿಯೋ ಬುಡಿ ಕಣಮ್ಮ. ಬಸ್ ಹತ್ತಿ," ಎಂದರು.

ಹತ್ತಿದೆ. ಮನೆ ಬಾಗಿಲಲ್ಲಿ ಅಕ್ಕನನ್ನು ಕಂಡ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು, "ಬಂದ್ಬುಟ್ಟೆ ಅಕ್ಕ." ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ನಗತೊಡಗಿದಳು. ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರಿತ್ತು, ಸದ್ದು ಮಾತ್ರ ಇರಲಿಲ್ಲ. ನನ್ನನ್ನು ಬಳಿಗೆಳೆದು ಕಿವಿಯಲ್ಲಿ ಗಾಳಿ ಊದಿದಂತೆ ಹೇಳಿದಳು: "ಯಾರ ಮನೀ ಮಗಳವ್ವಾ ನೀ? ಮೈಸೂರಾಕಿ ಅದಿ ಏನು?"

ಎಂಟು ದಿನ ಅಲ್ಲಿದ್ದೆ. ರೊಟ್ಟಿ ತಿಂದೆ, ಪುಂಡಿ ಪಲ್ಯ ತಿಂದೆ, ನೆಂಟರೆಲ್ಲ ನನ್ನ ಮಾತು ಕೇಳಿ ನಗುವುದನ್ನೂ ತಿಂದುಕೊಂಡೆ. ಆರನೆಯ ದಿನ ಬಸ್ಸಾರು ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಹತ್ತು ವರ್ಷ ದಾಟಿವೆ. ಮೈಸೂರಿಗೆ ಎಫ್ಎಂ ಬಂತು, ಈಗ ಖಾಸಗಿಯವರೂ ಬಂದು ದಿನವಿಡೀ ಹರಟುತ್ತಾರೆ. ವಿಜಯನಗರದ ಕಡೆ ನನ್ನದೇ ಒಂದು ಪುಟ್ಟ ಮನೆ ಆಗಿದೆ. ಆಟೋದವರು ಇನ್ನೂ "ಯಾವ್ ಕಡೆಯೋರು ನೀವು?" ಎಂದು ಕೇಳುತ್ತಾರೆ, ಊರಿಗೆ ಹೋದರೆ ಟಾಂಗಾದವರೂ ಅದನ್ನೇ ಕೇಳುತ್ತಾರೆ. ಊರಿಗೆ ವಾಪಸ್ ವರ್ಗ ಕೇಳುವ ಅರ್ಜಿಯನ್ನು ಎರಡು ಸಲ ಟೈಪು ಮಾಡಿದ್ದೇನೆ, ಎರಡು ಸಲವೂ ಕೊಡಲಿಲ್ಲ.

ಮಂಗಳವಾರ ಸಂಜೆ ಅಕ್ಕನ ಜೊತೆ ಮೊಬೈಲಿನಲ್ಲಿ ಮಾತಾಡುತ್ತೇನೆ. ಅವಳದು ಪಿಸುದನಿ, ಅರ್ಧ ಮಾತು ಗಾಳಿಗೆ ಹೋಗುತ್ತದೆ. ಅವಳು ಏನಂದಿರುತ್ತಾಳೆ ಎಂದು ನನಗೆ ಗೊತ್ತಿರುತ್ತದೆ, ಅವಳ ಮಾತಿನಲ್ಲೇ ಬೆಳೆದವಳು ನಾನು. ಆದರೂ ಊಹಿಸಿಕೊಳ್ಳುವುದಿಲ್ಲ. "ಕೇಳಿಸ್ಲಿಲ್ಲ ಅಕ್ಕ, ಇನ್ನೊಂದ್ಸಲ ಹೇಳು," ಅನ್ನುತ್ತೇನೆ. ಅವಳು ಉಸಿರು ತೆಗೆದುಕೊಂಡು ಮತ್ತೆ ಹೇಳುತ್ತಾಳೆ. ನನ್ನ ಸರದಿ ಬಂದಾಗ ಅವಳೂ ನಡುವೆ ತಡೆಯುತ್ತಾಳೆ: "ನಿನ್ನ ಮೈಸೂರ ಮಾತು ತಿಳೀಲಿಲ್ಲ ತಂಗಿ, ಇನ್ನೊಮ್ಮಿ ಹೇಳು."

ನಾನೂ ಮತ್ತೆ ಹೇಳುತ್ತೇನೆ, ನಮ್ಮ ಕಡೆಯ ಮಾತಿನಲ್ಲಿ, ನೆನಪು ಮಾಡಿಕೊಂಡು.